ಕೆಂಪು ದೀಪ ಉರಿಯಬೇಕು

ಫೆಬ್ರವರಿ 3, ಮಂಗಳವಾರ

ಶೆಡ್ಡಿನ ಒಲೆ ಹೊತ್ತಿಸಿ, ಕಾಫಿಗಿಟ್ಟು, ಬಾಗಿಲು ತೆರೆದೆ. ಲೈಸೆನ್ಸಿನ ವಯಸ್ಸಾಗದ ಮಕ್ಕಳೂ ಓಡಿಸಲೆಂದು ಗಂಟೆಗೆ ಮೂವತ್ತು ಕಿಲೋಮೀಟರು ಮೀರದಂತೆ ಬಿಗಿದ ಈ ‘ಎಪಾ’ ಕಾರುಗಳಿಗೆ ಹದಿನಾರರ ಮಕ್ಕಳು ಕೊಡುವಷ್ಟು ಪ್ರೀತಿಯನ್ನು ಬೇರೆಲ್ಲೂ ಕಂಡಿಲ್ಲ. ಅವರ ಸ್ಪೀಕರುಗಳ ಡಬ್ ಡಬ್ ಮಾತ್ರ ಹೇಸಿಗೆ... ಎದೆಯೊಳಗೆ ಯಾರೋ ಕಂಬಳಿ ಒಗೆದಂತೆ.

ನನ್ನ ಶೆಡ್ಡಿಗೆ ಕೆಲಸ ಕಲಿಯಲು ಬರುವ ಹುಡುಗಿ ಹಿಲ್ಲೆವಿ ನಡೆದು ಬಂದಳು. ತಾನೇ ಎಂಜಿನ್ ಬದಲಿಸಿದ ಕಾರು, ಮೂರು ವಾರ ಓಡಿ, ಇಂದು ರಸ್ತೆಯಲ್ಲಿ ನಿಂತುಹೋಯಿತಂತೆ. ಬ್ಯಾಟರಿ ಖಾಲಿ.

“ಎಂಜಿನ್ ಕೂರಿಸಿದ್ದೇ ಸರಿಯಿಲ್ಲ ಅಂತಾನೆ ಕೆನ್ನೆತ್. ಹದಿನೈದನೇ ತಾರೀಕು ಗುಜರಿಯವನು ಕಾರು ಒಯ್ಯೋಕೆ ಬರ್ತಾನಂತೆ.”

ಕೆನ್ನೆತ್ ಅವಳ ತಾಯಿಯ ಜೊತೆಗಾರ. ಕಾರು ಅವನ ಹೆಸರಿನಲ್ಲಿದೆ.

“ನನ್ನ ಕೈಗೆ ಇದೆಲ್ಲ ಹತ್ತಲ್ಲ ಆರ್ವಿಡ್. ಮೆಕ್ಯಾನಿಕ್ ಕೋರ್ಸಿಗೆ ಅರ್ಜಿ ಹಾಕಲ್ಲ, ಬಿಡು.”

ನಲವತ್ತು ವರ್ಷ ಮೆಕ್ಯಾನಿಕ್ ಪಾಠ ಹೇಳಿದರೂ ಇಂಥ ಪಳಗಿದ ಕೈಗಳನ್ನು ಬೆರಳೆಣಿಕೆಯಷ್ಟೇ ಕಂಡವನು ನಾನು.

ಫೆಬ್ರವರಿ 5

ಕಾರನ್ನು ಎಳೆತಂದೆವು. ಬಾನೆಟ್ ಎತ್ತಿದೆ — ಥೂ.

ಎಂಜಿನ್ ಕೂರಿಸಿದ ಕೆಲಸ ಅಚ್ಚುಕಟ್ಟು, ಅದು ಅವಳದು. ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ವೈರಿಂಗ್ ಕೆನ್ನೆತ್‌ನದು. ಮನೆಯ ದೀಪದ ವೈರು. ಎಲೆಕ್ಟ್ರಿಷಿಯನ್ನರು ‘ಸಕ್ಕರೆ ತುಂಡು’ ಎಂದು ಕರೆಯುವ, ಚಾವಣಿಯ ದೀಪಕ್ಕೆ ಹಾಕುವ ಬಿಳಿಯ ಕನೆಕ್ಟರುಗಳು. ಮೇಲೆ ಅಂಟು ಸೋರುವ ಟೇಪು. ಮುಟ್ಟಿದ ಬೆರಳನ್ನು ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ.

ಹಿಲ್ಲೆವಿ ಎಲ್ಲವನ್ನೂ ಕಿತ್ತು ದಪ್ಪ ವೈರು ಎಳೆದಳು. ಎಂಜಿನ್ ಓಡುತ್ತಿದ್ದರೂ ಮೀಟರು ಹನ್ನೆರಡು ವೋಲ್ಟಿನಿಂದ ಮೇಲೇಳಲಿಲ್ಲ. ಚಾರ್ಜ್ ಆಗುತ್ತಲೇ ಇಲ್ಲ.

“ಮತ್ತೆ ಮೂರು ವಾರ ಹೇಗೆ ಓಡ್ತು?”

“ರಾತ್ರಿ ಎಲ್ಲಿ ನಿಲ್ಲಿಸ್ತಿದ್ದೆ?” ಎಂದು ಕೇಳಿದೆ.

“ಮನೆ ಮುಂದೆ. ಚಳಿಗೆ ಎಂಜಿನ್ ಹೀಟರ್ ಪ್ಲಗ್ ಹಾಕಿ, ಎಲ್ಲರ ಹಾಗೆ...” ತಡೆದಳು. “ಅಯ್ಯೋ! ಅದರ ಜೊತೆಗೇ ಬ್ಯಾಟರಿ ಚಾರ್ಜರೂ ಇದೆ. ಸೋಮವಾರ ಅಜ್ಜಿ ಮನೇಲಿ ಮಲಗಿದ್ದೆ, ಅಲ್ಲಿ ಪ್ಲಗ್ ಇಲ್ಲ. ಇಷ್ಟು ದಿನ ಕಾರು ಓಡಿದ್ದು ಮನೆ ಕರೆಂಟಲ್ಲಿ!”

ನಕ್ಕಳು. ಆಮೇಲೆ ಮುಖ ಬಾಡಿತು. ಏಕೆ ಚಾರ್ಜ್ ಆಗುತ್ತಿಲ್ಲವೆಂದು ನನಗೆ ಗೊತ್ತು. ಹೇಳಿಬಿಟ್ಟರೆ ಕಾರು ಉಳಿದೀತು, ಈ ಕೆಲಸದಲ್ಲಿ ಅವಳು ಉಳಿಯಳು.

ಫೆಬ್ರವರಿ 12

ಒಂದು ವಾರ ಅವಳ ಸುಳಿವಿಲ್ಲ. ಕಾರು ಶೆಡ್ಡಿನಲ್ಲೇ. ಹತ್ತು ಸಲ ಸ್ಕ್ರೂಡ್ರೈವರ್ ಹಿಡಿದು, ಕೆಳಗಿಟ್ಟೆ.

ಇಂದು ಬಂದಳು — ತನ್ನ ಸಾಮಾನು ಒಯ್ಯಲು.

“ಹೋಗೋ ಮುಂಚೆ ಕೀ ತಿರುಗಿಸು. ಸ್ಟಾರ್ಟ್ ಮಾಡಬೇಡ. ಏನು ಕಾಣುತ್ತೆ?”

“ಏನೂ ಇಲ್ಲ. ಆಯಿಲ್ ದೀಪ ಒಂದು ಬಿಟ್ರೆ.”

“ಇನ್ನೇನು ಕಾಣಬೇಕಿತ್ತು?”

ಪಕ್ಕದ ಕಾರಿಗೆ ಹೋಗಿ ಕೀ ತಿರುಗಿಸಿದಳು. ಅಲ್ಲಿ ಬ್ಯಾಟರಿಯ ಕೆಂಪು ದೀಪವೂ ಉರಿಯಿತು. ತುಸು ಹೊತ್ತು ಅದನ್ನೇ ನೋಡಿ, ಓಡಿ ಬಂದು, ತನ್ನ ಡ್ಯಾಶ್‌ಬೋರ್ಡ್ ಬಿಚ್ಚಿದಳು. ಬಲ್ಬು ಇರಬೇಕಾದಲ್ಲಿ ಬರೀ ತೂತು.

“ಈ ಬಲ್ಬಿನ ಮೂಲಕ ಹೋಗೋ ಕರೆಂಟೇ ಆಲ್ಟರ್ನೇಟರನ್ನ ಎಬ್ಬಿಸೋದು. ಅಲ್ವಾ?”

ತಲೆಯಾಡಿಸಿದೆ. ಡಬ್ಬಿಯಿಂದ ಒಂದು ಬಲ್ಬು ತೆಗೆದು ಕೊಟ್ಟೆ.

ಬಲ್ಬು ಹಾಕಿದಳು. ಕೆಂಪು ಉರಿಯಿತು; ಸ್ಟಾರ್ಟ್ ಆದೊಡನೆ ಆರಿತು. ಮೀಟರು ಹದಿನಾಲ್ಕು!

ಆಗಲೇ ಕೆನ್ನೆತ್ ಒಳಬಂದು, ಕಾಫಿಗೆಂದು ಇಟ್ಟಿದ್ದ, ಕೆನೆ ತುಂಬಿದ ಸೆಮ್ಲಾ ಬನ್ನನ್ನು ಕೇಳದೆ ಎತ್ತಿಕೊಂಡ. ಮೀಸೆಯ ತುಂಬ ಕೆನೆ. ಬಲ್ಬನ್ನು ಕಿತ್ತದ್ದು ಯಾರೆಂದು ಹಿಲ್ಲೆವಿ ಕೇಳಿದಳು.

“ಆ ಬಲ್ಬಾ? ಕೀ ತಿರುಗಿಸಿದ್ರೆ ಕೆಂಪಗೆ ಉರೀತಿತ್ತು. ಕಿತ್ತು ಬಿಸಾಕಿದೆ. ಫಾಲ್ಟ್ ಹೋಯ್ತು.”

“ಹೊಗೆ ಅಲಾರಂ ಕೂಗಿದ್ರೂ ಅದರ ಸೆಲ್ ಕೀಳ್ತೀಯಲ್ಲ, ಹಾಗೆ,” ಎಂದಳು ಹಿಲ್ಲೆವಿ.

“ಅದು ನಾನು ಸಾಸೇಜ್ ಹುರಿಯುವಾಗ!”

ತಪ್ಪಾಯಿತೆಂಬ ಮಾತಿಲ್ಲ. ಬೆರಳು ನೆಕ್ಕುತ್ತ, “ಪ್ಲಗ್ ಹಾಕದೆ ಭಾನುವಾರದ ತನಕ ಓಡಿಸು. ಅವತ್ತು ಬೆಳಿಗ್ಗೆ ಸ್ಟಾರ್ಟ್ ಆದ್ರೆ ಗುಜರಿಯವನನ್ನ ವಾಪಸ್ ಕಳಿಸ್ತೀನಿ” ಎಂದ. 

“ಸ್ಟಾರ್ಟ್ ಆದ್ರೆ ಸ್ಪೀಕರ್ ಜೋರಾಗಿ ಹಾಕಿ ಮೊದಲು ನಿನ್ನ ಮನೆಗೇ ಬರ್ತೀನಿ ಆರ್ವಿಡ್,” ಎಂದಳು ಹಿಲ್ಲೆವಿ.

ಫೆಬ್ರವರಿ 15, ಭಾನುವಾರ, ಬೆಳಿಗ್ಗೆ

ಮೈನಸ್ ಇಪ್ಪತ್ತಾರು. ಇಂಥ ಚಳಿ ಈ ವಾರವೇ ಬೀಳಬೇಕಿತ್ತೆ! ಹಿಲ್ಲೆವಿ ಫೋನ್ ಎತ್ತುತ್ತಿಲ್ಲ. ಕಾಫಿ ಆರಿದೆ. ಗುಜರಿಯ ಲಾರಿ ಆಗಲೇ ಅವರ ಮನೆಯ ಕಡೆ ಹೋದದ್ದನ್ನು ಕಂಡೆ. ಮಕ್ಕಳ ಕೈಕೆಲಸವನ್ನು ಕೆಡಿಸಿ, ಕೆಟ್ಟಿತೆಂದು ಅವರನ್ನೇ ದೂರುವ ದೊಡ್ಡವರು... ಬರೆಯಲೂ ಅಸಹ್ಯ.

ಬಸಿಯಲ್ಲಿ ಚಮಚ ಸದ್ದು ಮಾಡುತ್ತಿದೆ. ಕಿಟಕಿಯ ಗಾಜೂ ನಡುಗುತ್ತಿದೆ. ತಿರುವಿನಾಚೆಯಿಂದ ಅದೇ ಹೇಸಿಗೆಯ ಡಬ್ ಡಬ್... ಎದೆಯೊಳಗೆ ಯಾರೋ ಕಂಬಳಿ —