ಎಡಗೈಯ ಮಡಿಕೆ

ಅಡುಗೆಮನೆ ಮೇಜಿನಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಎಡಚಾ,

ಹೇಗಿದ್ದೀಯೋ? ಕಾಲ್ಬೆರಳಿನ ಊತ ಇಳೀತಾ? ಎರಡು ಜೊತೆ ಕಾಲುಚೀಲ ಹಾಕ್ಕೋ ಅಂದರೆ ಬೂಟು ಬಿಗಿಯಾಗುತ್ತೆ ಅಂತ ನೆಪ ಹೇಳೋನು ನೀನು. ಅಪ್ಪ ಚೆನ್ನಾಗಿದ್ದಾರೆ, ಮಂಡಿ ಮಾತ್ರ ಚಳಿಗೆ ಮುಷ್ಕರ ಹೂಡಿದೆ. ನನ್ನ ಹೊಲಿಗೆ ಅಂಗಡಿಯಲ್ಲಿ ಈಗ ಕೋಟುಗಳ ಜಿಪ್ಪು ಬದಲಾಯಿಸೋದೇ ಕೆಲಸ. ಹಿಮ ಬಿದ್ದು ಬೆಟ್ಟದ ದಾರಿ ಮುಚ್ಚಿದ ಮೇಲೆ ನಿನ್ನ ಫೋನ್ ಹತ್ತುತ್ತಲೇ ಇಲ್ಲ. ನಿಮ್ಮ ಆಫೀಸಿಗೇ ಹೋಗಿ ಕೇಳಿದೆ. ಹಿಮ ತಳ್ಳೋ ಯಂತ್ರ ತಗೊಂಡು ಹೋದವನು ಮೇಲಿನ ತಂಗುಮನೆಯಲ್ಲಿ ಉಳಿದಿರ್ತಾನೆ, ಅಲ್ಲಿ ಸೌದೆ ಇದೆ, ದಿನಸಿ ಇದೆ, ಗಾಬರಿ ಬೇಡಮ್ಮ ಅಂದರು. ಹೇಳಿದವರು ಮಾತ್ರ ನನ್ನ ಮುಖ ನೋಡಲಿಲ್ಲ. ದಾರಿ ತೆರೆದ ಕೂಡಲೇ ಮೇಲೆ ಹೋಗೋ ಲಾರಿ ಡ್ರೈವರ್ ಕೈಗೆ ಈ ಪತ್ರ ಕೊಡ್ತೀನಿ.

ಕಡೇ ಸಲ ಮಾತಾಡಿದಾಗ ಅಮ್ಮನ ವಾಂಟನ್ ಸೂಪ್ ಸುಲಭವಾಗಿ ಮಾಡೋದು ಹೇಗೆ ಹೇಳೇ ಅಂದೆ ನೀನು, ನಾನು ಬಾಯಿ ತೆರೆಯೋಷ್ಟರಲ್ಲಿ ಲೈನ್ ಕಡೀತು. ಈಗ ಕೇಳು. ಕೋಳಿ ಕೈಮಾಕ್ಕೆ ಶುಂಠಿ, ಈರುಳ್ಳಿ ಸೊಪ್ಪು ಸಣ್ಣಗೆ ಹೆಚ್ಚಿ ಹಾಕು. ಸೋಯಾ ಸಾಸ್, ಮೆಣಸಿನ ಪುಡಿ, ಚಿಟಿಕೆ ಉಪ್ಪು. ಹೊರಗಿನ ಹಾಳೆಗೆ ಮೈದಾ ಕಲಸಿ ತೆಳ್ಳಗೆ ಲಟ್ಟಿಸಿ ಚೌಕ ಕತ್ತರಿಸು, ಆಲಸ್ಯವಾದರೆ ಅಂಗಡಿಯದ್ದೇ ಸಾಕು. ನಡುವೆ ಒಂದೇ ಚಮಚ ಹೂರಣ. ಒಂದೇ! ಅಂಚಿಗೆ ನೀರು ಸವರಿ ತ್ರಿಕೋನ ಮಾಡಿ ಒತ್ತು, ಆಮೇಲೆ ಎರಡು ಮೂಲೆ ಹಿಂದಕ್ಕೆ ತಂದು ಒಂದರ ಮೇಲೊಂದು ಅಂಟಿಸು. ಕೋಳಿ ಮೂಳೆ, ಶುಂಠಿ, ಬೆಳ್ಳುಳ್ಳಿ ಕುದಿಸಿದ ನೀರಿಗೆ ಬಿಡು, ಅವು ತೇಲಿ ಬಂದು ಸ್ವಲ್ಪ ಹೊತ್ತು ಕುದ್ದರೆ ಮುಗೀತು. ನಿನ್ನ ಥರ ಹೊಟ್ಟೆ ಬಿರಿಯೋಷ್ಟು ತುಂಬಿದರೆ ಒಡೆದುಹೋಗುತ್ತೆ. ಹೊಟ್ಟೆಬಾಕನ ಕೈಯಲ್ಲಿ ಹುಟ್ಟಿದ್ದೂ ಹೊಟ್ಟೆಬಾಕವೇ ಅಂತ ಅಮ್ಮ ನಗ್ತಿದ್ದಳಲ್ಲ. ಈ ಮನೆಯಲ್ಲಿ ಒಡೆದದ್ದು ಯಾವತ್ತೂ ನಿಂದೇ.

ಅಮ್ಮನ ಕಟ್ಟಳೆ ನೆನಪಿದೆ ತಾನೇ? ತನ್ನ ಕೈಯದು ತಾನು ತಿನ್ನಬಾರದು, ಮೈಗೆ ಹತ್ತಲ್ಲ. ಅದಕ್ಕೇ ಬಟ್ಟಲಿಗೆ ಬಡಿಸೋ ಮುಂಚೆ ಮಡಿಕೆ ನೋಡ್ತಿದ್ದೆವು. ನಾನು, ಅಪ್ಪ ಬಲಮೂಲೆ ಮೇಲೆ ತರೋರು. ನೀನು, ಅಮ್ಮ ಎಡಮೂಲೆ. ಅಮ್ಮ ಹೋದ ಮೇಲೆ, ನೀನು ಊರಲ್ಲಿಲ್ಲದಾಗ, ನಮ್ಮ ಪಾತ್ರೆಯಲ್ಲಿ ಎಡದ್ದು ಇರೋ ಹಾಗೇ ಇಲ್ಲ.

ಇದೆ ಕಣೋ. ನಿನ್ನ ಲೈನ್ ಕಡಿದ ಮರುದಿನ ಮಾಡಿದ ಸೂಪಿನಲ್ಲೇ ಬಂತು. ಅಪ್ಪ ಸೌಟಿನಲ್ಲಿ ಎತ್ತಿ ಕಿಟಕಿ ಬೆಳಕಿಗೆ ಹಿಡಿದು, ನಿಮ್ಮಮ್ಮಂದು ಅಂತ ತಮ್ಮ ಬಟ್ಟಲಿಗೇ ಹಾಕಿಕೊಂಡರು. ಅಪ್ಪಾ, ಅಮ್ಮ ಹೋಗಿ ವರ್ಷವಾಯ್ತು ಅಂದೆ. ಗೊತ್ತಮ್ಮಾ, ಉಪ್ಪು ಹದವಾಗಿದೆ ಅಂದರು! ನಾನೇ ಮೈಮರೆತು ಮಡಚಿರಬೇಕು ಅಂತ ಸುಮ್ಮನಾದೆ. ಮುಂದಿನ ಸಲವೂ ಬಂತು. ಅಂಚಿಗೆ ಸವರೋ ನೀರಿನ ಬಟ್ಟಲು ನಾನು ಬಲಕ್ಕಿಟ್ಟರೆ, ತಿರುಗಿ ನೋಡೋಷ್ಟರಲ್ಲಿ ಮಣೆಯ ಎಡಕ್ಕಿರುತ್ತೆ. ಅಮ್ಮನ ಸ್ಟೂಲಿನ ಮುಂದೆ ನೆಲದ ಮೇಲೆ ಹಿಟ್ಟು ಉದುರಿರುತ್ತೆ.

ಮೊದಲು ಮೈ ಜುಮ್ಮೆಂದಿತು, ಆಮೇಲೆ ಸಂತೋಷವಾಯ್ತು, ಸುಳ್ಳೇಕೆ ಹೇಳಲಿ. ಎಲ್ಲವೂ ಪುಟ್ಟಪುಟ್ಟವು, ಅಚ್ಚುಕಟ್ಟಾದವು, ಒಂದೂ ಒಡೆಯದವು. ಅಮ್ಮನವೇ. ಬರಲಿ ಬಿಡು, ಅವಳ ಮನೆ, ಅವಳ ಒಲೆ. ಆದರೆ ಒಂದು ವರ್ಷ ಬಾರದವಳು ನೀನು ಮೇಲೆ ಸಿಕ್ಕಿಕೊಂಡಾಗಲೇ ಯಾಕೆ ಬಂದಳು? ಯಾರನ್ನೋ ಎದುರುಗೊಳ್ಳೋಕೆ ಬಂದು ಕಾಯ್ತಿದ್ದಾಳಾ? ಅಪ್ಪನಿಗೆ ಇದನ್ನು ಹೇಳಿಲ್ಲ. ನನಗೆ ತುಂಬಾ ಭಯವಾಗಿದೆ ಕಣೋ.

ಅದಕ್ಕೇ ಇವತ್ತು ಅಪ್ಪನನ್ನು ಪಕ್ಕದ ಮನೆಗೆ ಕಳಿಸಿ, ಚಿಲಕ ಹಾಕಿ, ಒಂದೊಂದನ್ನೂ ನೋಡಿ ನೋಡಿ ಬಲಕ್ಕೇ ಮಡಚಿದ್ದೀನಿ. ಪಾತ್ರೆ ಒಲೆ ಮೇಲಿದೆ, ನಾನು ಮುಚ್ಚಳದ ಮೇಲೆ ಕಣ್ಣಿಟ್ಟು ಬರೀತಿದ್ದೀನಿ. ಈ ಸಲವೂ ಎಡದ್ದು ಬಂದರೆ ಬರಲಿ, ಪುಟ್ಟದ್ದೇ ಬರಲಿ, ಅಷ್ಟೇ ಸಾಕು ನನಗೆ.

ಅಪ್ಪನ ಆಶೀರ್ವಾದವನ್ನೂ ನನ್ನ ಬೈಗುಳವನ್ನೂ ಸಮಪಾಲು ತಗೋ. ಕಿವಿಗೆ ಉಣ್ಣೆ ಟೋಪಿ ಎಳ್ಕೋ.

ನಿನ್ನ
ಅಕ್ಕ

ತಾ.ಕ.: ಮುಚ್ಚಳ ತೆಗೆದೆ. ನನ್ನವು ತೇಲ್ತಿವೆ, ಅಮ್ಮನವೂ ತೇಲ್ತಿವೆ. ತಳದಲ್ಲಿ ಇನ್ನೊಂದಿದೆ, ದಪ್ಪಗೆ, ಎಡಕ್ಕೆ ಮಡಚಿದ್ದು, ಹೊಟ್ಟೆ ಒಡೆದು ಹೂರಣ ಎಲ್ಲಾ ಹೊರಗೆ ಬಂದಿದೆ. ಅದನ್ನು ಅಪ್ಪನಿಗೆ ತೋರಿಸಲ್ಲ. ನಾನೂ ತಿನ್ನಲ್ಲ. ನಿನ್ನ ಬಟ್ಟಲಿಗೆ ಹಾಕಿ ಮುಚ್ಚಿಟ್ಟಿದ್ದೀನಿ. ಬಾರೋ, ನನ್ನಪ್ಪಾ. ಬಂದು ಈ ಮೇಜಿಗೆ ಕೂತು, ಮುಚ್ಚಳ ತೆಗೆದು ನೋಡಿ, ಇದು ನನ್ನ ಕೈಯದ್ದಲ್ಲ ಕಣೇ ಅಕ್ಕಾ ಅಂತ ಹೇಳಿ, ನೀನೇ ತಿಂದುಬಿಡು.