ಕೊನೆಯ ಹಾಸಿಗೆಯ ಗೆರೆ

ಫೆಬ್ರವರಿ 9, ಭಾನುವಾರ

ನನ್ನ ಗುಬ್ಬಿಗೆ,

ಅಮ್ಮನ ಅಕ್ಕರೆ. ನೀನೂ ಹೊಟ್ಟೆಯೊಳಗಿನ ಪುಟಾಣಿಯೂ ಚೆನ್ನಾಗಿದ್ದೀರಿ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನೀನು ಕೇಳಿದ್ದಕ್ಕೆ ಉತ್ತರ ಕೊಡಲು ಇಷ್ಟು ತಡಮಾಡಿದಳಲ್ಲ ಎಂದು ಮುನಿಸಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವ ಮೊದಲೇ "ಅಮ್ಮಾ, ಮತ್ತೆ ಶುರು ಮಾಡ್ಬೇಡ" ಅನ್ನುತ್ತೀಯ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

"ನನ್ನ ಹೆತ್ತಾಗ ಒಂಚೂರೂ ತೊಂದ್ರೆ ಆಗ್ಲಿಲ್ಲ ಅಂತ ನೀನೇ ಹೇಳ್ತೀಯ. ಮತ್ತೆ ನನ್ನ ಹೆರಿಗೆ ಅಂದ್ರೆ ಯಾಕೆ ಹೀಗೆ ನಡುಗ್ತೀಯ?" ಎಂದು ಕೇಳಿದ್ದೆಯಲ್ಲ. ಸದ್ಯಕ್ಕೆ ಅದಕ್ಕೆ ಕಾರಣ ನನ್ನ ಕೆಲಸ ಅಂದುಕೋ.

ವಿಷಯ ಹೀಗಿದೆ. ನೀನು ಹೆರಿಗೆಗೆ ಸೇರಬೇಕೆಂದಿರುವ, ನಮ್ಮ ಮನೆ ಹತ್ತಿರದ ಆಸ್ಪತ್ರೆಯಲ್ಲಿ ಹೊಸ ವಾರ್ಡು ಎದ್ದಿದೆ. ಹದಿನಾಲ್ಕು ಹಾಸಿಗೆ. ಪ್ರತಿ ತಾಯಿಯ ಹೊಟ್ಟೆಗೂ ಒಂದು ಪಟ್ಟಿ ಕಟ್ಟುತ್ತಾರೆ. ಒಳಗಿನ ಮಗುವಿನ ಎದೆಬಡಿತ ನರ್ಸುಗಳ ಮೇಜಿನ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ಬಡಿತ ಕುಸಿದರೆ ಗಂಟೆ ಹೊಡೆಯುತ್ತದೆ. ಹದಿನಾಲ್ಕೂ ಗೆರೆಗಳನ್ನು ನೋಡಿಕೊಳ್ಳುವುದು ಒಂದೇ ಕಂಪ್ಯೂಟರ್. ಅದಕ್ಕೆ ಯಾವ ಪ್ರೊಸೆಸರ್, ಅಂದರೆ ಅದರ ಮಿದುಳು, ಹಾಕಬೇಕೆಂದು ಪರೀಕ್ಷಿಸಿ ಹೇಳುವ ಕೆಲಸ ನಮ್ಮ ಕಂಪನಿಗೆ ಬಂತು. ಅಂದರೆ ನನ್ನ ತಲೆಗೆ ಬಂತು.

ನಮ್ಮ ಮುಂದೆ ಎರಡಿದ್ದವು. ಒಂದು ಮನೆ, ಆಫೀಸುಗಳಲ್ಲಿರುವ ಡೆಸ್ಕ್‌ಟಾಪಿನದು, ಇನ್ನೊಂದು ಹಗಲೂ ರಾತ್ರಿ ಓಡುವ ದೊಡ್ಡ ಸರ್ವರಿನದು. ಇದೆಲ್ಲ ನನಗ್ಯಾಕೆ ಎಂದು ಮುಖ ತಿರುಗಿಸಬೇಡ, ಕೇಳು. ಡೆಸ್ಕ್‌ಟಾಪಿನದು ಮಹಾ ಚುರುಕು. ಒಂದು ಕೆಲಸ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಸಿ ಮುಂದೇನು ಅನ್ನುತ್ತದೆ. ಸರ್ವರಿನದಕ್ಕೆ ಕೈಗಳು ಹೆಚ್ಚು, ಆದರೆ ಒಂದೊಂದು ಕೈಯೂ ತುಸು ನಿಧಾನ. ಎಷ್ಟು ಕೆಲಸ ಒಟ್ಟಿಗೆ ಹೇರಿದರೂ ಇಡೀ ದಿನ ಒಂದೇ ಸಮನೆ ದುಡಿಯುತ್ತದೆ. ಬೆಲೆ ಮಾತ್ರ ಜಾಸ್ತಿ. ಅದರ ಫ್ಯಾನಿನ ಸದ್ದಿಗಿಂತ ನಿಮ್ಮಪ್ಪನ ಗೊರಕೆಯೇ ವಾಸಿ.

ನಮ್ಮ ವಿಭಾಗದ ಮುಖ್ಯಸ್ಥ ನಿನಗಿಂತ ನಾಲ್ಕೈದು ವರ್ಷ ದೊಡ್ಡವನು. ಊಟವನ್ನೂ ನಿಂತೇ ಮುಗಿಸುವವನಾದ್ದರಿಂದ ಅವನಿಗೆ ನಾವಿಟ್ಟ ಹೆಸರು ಫಟಾಫಟ್. ಕೆಟ್ಟವನಲ್ಲ. ನಮ್ಮಲ್ಲಿ ಪರೀಕ್ಷೆಗೆಂದು ನಕಲಿ ಎದೆಬಡಿತ ಹುಟ್ಟಿಸಿ ಕಳಿಸುವ ಪೆಟ್ಟಿಗೆ ಇರುವುದು ಒಂದೇ. ಹಾಗಾಗಿ ಎಷ್ಟೋ ಕಾಲದಿಂದ ಒಂದೇ ಹಾಸಿಗೆಯ ಗೆರೆ ಓಡಿಸಿ ವೇಗ ಅಳೆಯುವುದು ರೂಢಿ. ಅದೂ ತಣ್ಣಗಿನ ಎಸಿ ಕೋಣೆಯಲ್ಲಿ, ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿಟ್ಟುಕೊಂಡು. ಪ್ರತಿ ಸಲ ಬಿಚ್ಚಿ ಮುಚ್ಚುವ ರಗಳೆ ಯಾರಿಗೆ ಬೇಕು? ಡೆಸ್ಕ್‌ಟಾಪ್ ಸಲೀಸಾಗಿ ಗೆದ್ದಿತು.

"ನೋಡಿ ಮೇಡಂ, ಬೆಲೆನೂ ಕಮ್ಮಿ, ವೇಗನೂ ಜಾಸ್ತಿ. ಇನ್ನೇನು ಬೇಕು?" ಅಂದ ಫಟಾಫಟ್.

"ವಾರ್ಡಲ್ಲಿ ಒಬ್ಬಳೇ ಹೆರೋದಾ?" ಅಂದೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ನನ್ನ ಕಣ್ಣ ಮುಂದೆ ನೀನಿದ್ದೆ.

ಅದೊಂದೇ ಬಡಿತವನ್ನು ದಾಖಲಿಸಿ, ಹಿಂದೆ ಮುಂದೆ ಮಾಡಿ, ಹದಿನಾಲ್ಕು ಹಾಸಿಗೆಗಳಿಂದ ಬರುವಂತೆ ಕಳಿಸಿದೆ. ಡೆಸ್ಕ್‌ಟಾಪ್ ಬೆಳಗೆಲ್ಲ ಚೆನ್ನಾಗಿಯೇ ನಿಭಾಯಿಸಿತು. "ಈಗ ಸಮಾಧಾನನಾ?" ಅಂದ ಫಟಾಫಟ್. ಸಮಾಧಾನ ಎಲ್ಲಿಂದ ಬರಬೇಕು? ನಾನು ಆ ವಾರ್ಡಿಗೆ ಹೋಗಿ ನೋಡಿ ಬಂದಿದ್ದೆ. ಅಲ್ಲಿ ಕಂಪ್ಯೂಟರ್ ಕೂರುವುದು ಮೇಜಿನ ಕೆಳಗೆ ಬಾಗಿಲು ಹಾಕಿದ ಮರದ ಗೂಡಿನಲ್ಲಿ. ತಗಡು ಮುಚ್ಚಿ, ಎರಡನ್ನೂ ಅಂಥದೇ ಗೂಡಿನೊಳಗಿಟ್ಟು ಬಾಗಿಲು ಹಾಕಿದೆ. ಕೆಲವು ಹಾಸಿಗೆಗಳ ಬಡಿತ ಒಟ್ಟಿಗೆ ಕುಸಿಯುವಂತೆಯೂ ಮಾಡಿದೆ.

ಊಟ ಮುಗಿಸಿ ಬರುವಷ್ಟರಲ್ಲಿ ಡೆಸ್ಕ್‌ಟಾಪಿನ ಪ್ರೊಸೆಸರ್ ಕಾದುಹೋಗಿತ್ತು. ಹೆಚ್ಚು ಬಿಸಿಯಾದರೆ ಅದು ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಒಂದೊಂದೇ ಗೆರೆ ತನ್ನ ಸರದಿಗೆ ಕಾಯತೊಡಗಿತು. ಕೊನೆಯ ಹಾಸಿಗೆಯ ಗೆರೆ ನಿಂತೇಬಿಟ್ಟಿತು. ಅದರ ಗಂಟೆ ಹೊಡೆದಾಗ ಕುಸಿತ ಯಾವಾಗಲೋ ಆಗಿಹೋಗಿತ್ತು. ಪಕ್ಕದ ಗೂಡಿನಲ್ಲಿ ಸರ್ವರ್ ಗೊರಗೊರ ಎನ್ನುತ್ತ ಎಲ್ಲರ ಗಂಟೆಯನ್ನೂ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿತ್ತು.

ಮರುದಿನ ಫಟಾಫಟ್ ಎದುರಿಗೆ ಮಾಡಿ ತೋರಿಸಿದರೆ ಏನೂ ಆಗಲಿಲ್ಲ, ನೋಡು. "ಒಂದ್ಸಲ ಆಗಿದ್ದನ್ನ ಹಿಡ್ಕೊಂಡು ಆಸ್ಪತ್ರೆಯವ್ರಿಗೆ ಏನಂತ ಹೇಳ್ಲಿ ಮೇಡಂ?" ಅಂದ. ಅವನು ಹೇಳುವುದೂ ಸರಿಯೇ. ಹಟ ಹಿಡಿದು ಇನ್ನೊಮ್ಮೆ ಓಡಿಸಿದೆ. ಈ ಸಲ ಮತ್ತೆ ನಿಂತಿತು. ಅವನು ಪರದೆಯನ್ನೇ ನೋಡುತ್ತ ಕುರ್ಚಿ ಎಳೆದುಕೊಂಡು ಕೂತ. ಅವನು ಕೂತಿದ್ದನ್ನು ನಾನು ನೋಡಿದ್ದೇ ಅಪರೂಪ.

"ಮೇಡಂ, ಬಡಿತ ಕುಸಿಯೋಕೆ ಪ್ರತಿ ಸಲ ಕೊನೆ ಹಾಸಿಗೆನ ಯಾಕೆ ಸೇರಿಸ್ತೀರಿ?" ಎಂದು ಕೇಳಿದ.

"ಯಾವ್ದಾದ್ರೂ ಒಂದು ಬೇಕಲ್ಲಪ್ಪ" ಅಂದೆ.

ಸರ್ವರೇ ಇರಲಿ ಎಂದು ಅವನು ಆಸ್ಪತ್ರೆಗೆ ಬರೆದಿದ್ದಾನೆ. ಅವರು ಬುಧವಾರ ತೀರ್ಮಾನಿಸುತ್ತಾರಂತೆ. ಅಪರೂಪಕ್ಕೆ ಆಗುವ ತಡಕ್ಕೆ ಅಷ್ಟು ದುಬಾರಿಯದು ಬೇಕೇ ಎಂದು ಅಲ್ಲಿ ಯಾರೋ ರಾಗ ಎಳೆದರಂತೆ. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಅವರ ತೀರ್ಮಾನ ತಿಳಿಯುವವರೆಗೆ ಅಲ್ಲಿ ಹೆಸರು ಬರೆಸಬೇಡ. ಅವರು ಒಪ್ಪದಿದ್ದರೆ ದೂರವಾದರೂ ಸರಿ, ಬೇರೆ ಆಸ್ಪತ್ರೆಗೆ ಹೋಗೋಣ. ಅಳಿಯಂದಿರಿಗೆ ನಿಧಾನವಾಗಿ ತಿಳಿಸಿ ಹೇಳು, ಅತ್ತೆಗೆ ತಲೆ ಕೆಟ್ಟಿದೆ ಎಂದುಕೊಂಡಾರು.

ಅಪ್ಪ ಇಲ್ಲೇ ಎದುರಿಗೆ ಕೂತು ಪೇಪರಿನ ಅದೇ ಪುಟವನ್ನು ಆಗಿನಿಂದ ಹಿಡಿದುಕೊಂಡಿದ್ದಾರೆ. "ಮಿಷಿನ್ ವಿಷಯ ಮಾತ್ರ ಬರಿ, ಸಾಕು. ಬಸುರಿ ಹುಡುಗಿ" ಅಂದರು. ಹೂಂ ಅಂದಿದ್ದೇನೆ.

ಎಡಮಗ್ಗುಲಿಗೆ ಮಲಗು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ, ನಿನ್ನ ಮಡಿಲು ತುಂಬಲಿ.

ನಿನ್ನ,
ಅಮ್ಮ

ವಿ.ಸೂ.: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಅಪ್ಪ ಹೊರಗೆ ಹೋಗಿದ್ದಾರೆ. ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೇ ಇಲ್ಲ ಗುಬ್ಬಿ. ನಿನ್ನನ್ನು ಹೆತ್ತಾಗ ತೊಂದರೆಯಾಗಲಿಲ್ಲ ಎಂಬುದು ನಿಜ. ಆದರೆ ನಿನಗಿಂತ ಮೊದಲು ಒಬ್ಬ ಇದ್ದ. ನಿನ್ನ ಅಣ್ಣ. ಆ ಕಾಲದಲ್ಲಿ ಪರದೆಯೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಎಲ್ಲ ಹಾಸಿಗೆಗೂ ಒಬ್ಬಳೇ ನರ್ಸು, ಅವಳ ಕೈಯಲ್ಲಿ ಬಡಿತ ಆಲಿಸುವ ಒಂದು ಕೊಳವೆ. ಅವಳಷ್ಟು ಚುರುಕಾದ ಹೆಂಗಸನ್ನು ನಾನು ಆಮೇಲೂ ನೋಡಿಲ್ಲ. ಒಬ್ಬರ ಹೊಟ್ಟೆಗೆ ಕಿವಿಯಿಟ್ಟು ಕೇಳಿ, ಇನ್ನೊಬ್ಬರ ಹತ್ತಿರ ಓಡುತ್ತಿದ್ದಳು. ಆ ಮಧ್ಯಾಹ್ನ ಕೆಲವರಿಗೆ ಒಟ್ಟಿಗೆ ನೋವು ಜೋರಾಯಿತು. ನಾನೂ ಕೂಗಿದೆ. "ಬಂದೆ ಕಣಮ್ಮಾ, ಬಂದೆ" ಅನ್ನುತ್ತಲೇ ಇದ್ದಳು. ಬಂದಳು ಕೂಡ. ಕೊಳವೆ ಇಟ್ಟು ತುಂಬ ಹೊತ್ತು ಕೇಳಿದಳು. ಆಮೇಲೆ ನನ್ನ ಮುಖ ನೋಡಲಿಲ್ಲ. ಅವಳ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ನನ್ನದು ಕೊನೆಯ ಹಾಸಿಗೆ.