ಗಣಿ ಸಾರ್ ಬಿಟ್ಟುಹೋದ ಕೋಟು

ಮಾರ್ಚ್ 3, ರಾತ್ರಿ

ಅಕ್ಷರ ಕೋಳಿ ಕಾಲಿನ ಹಾಗಿದೆ. ಕಾಗುಣಿತವೂ ತಪ್ಪಿರುತ್ತದೆ. ಕ್ಷಮಿಸಿ. ಯಾರನ್ನು ಕೇಳುತ್ತಿದ್ದೇನೋ... ಓದುವವರು ಯಾರೂ ಇಲ್ಲ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಇಡೀ ದಿನ ಇಸ್ತ್ರಿಪೆಟ್ಟಿಗೆ ಹಿಡಿದ ಕೈಗೆ ಪೆನ್ನು ತೀರಾ ಹಗುರ. ಎತ್ತೆತ್ತಲೋ ಓಡುತ್ತದೆ.

ಇವತ್ತೂ ಗಣಿ ಸಾರ್ ಅಕ್ಕನೂ ನಾನೂ ನಡೆಸುವ ಲಾಂಡ್ರಿಗೆ ಬಟ್ಟೆ ತಂದರು. ಎದುರು ಲಾಡ್ಜಿನಲ್ಲಿ ಇದ್ದಾರೆ. ಅಲ್ಲಿನ ಹಾಲ್‌ನಲ್ಲಿ ಮೀಟಿಂಗ್ ಮಾಡಿ, ಚಿನ್ನದ ಗಣಿ ಕಂಪನಿಯ ಶೇರು ಕೊಳ್ಳಿ ಎಂದು ಜನರಿಗೆ ಹೇಳುತ್ತಾರೆ. ಅದಕ್ಕೇ ಅಕ್ಕ ಇಟ್ಟ ಹೆಸರು ಗಣಿ ಸಾರ್.

"ಎಲ್ಲಾ ಹ್ಯಾಂಗರಿಗೇ ಹಾಕಿಡಿ. ಮಡಿಕೆ ಬೀಳಬಾರದು. ಈಗಷ್ಟೇ ಗಣಿಯಿಂದ ಬಂದೆ ನೋಡಿ" ಎಂದರು.

ಪ್ಯಾಂಟು ತಿರುಗಿಸಿ ನೋಡಿದೆ. ಕೆಳಗಿನ ಮಡಿಕೆಯಲ್ಲಿ ಒಂದು ಕಾಳು ಮಣ್ಣಿಲ್ಲ. ರಸ್ತೆ ದಾಟಿ ಬರುವ ಪೋಸ್ಟ್‌ಮ್ಯಾನ್ ಪ್ಯಾಂಟಿನಲ್ಲೂ ಇದಕ್ಕಿಂತ ಹೆಚ್ಚು ಇರುತ್ತದೆ.

ಹೇಳಲಿಲ್ಲ. ನಾನು ಯಾವಾಗ ಏನು ಹೇಳಿದ್ದೇನೆ?

ಮಾರ್ಚ್ 9

ಅಕ್ಕ ದುಡ್ಡು ಹಾಕಿಬಿಟ್ಟಳು. ಅಂಗಡಿ ಮುಂಗಡದ ದುಡ್ಡು. ಪೂರ್ತಿ.

ಓನರ್ ಈ ಅಂಗಡಿ ಮಾರುತ್ತಿದ್ದಾರೆ. ಏಪ್ರಿಲ್ ಮುಗಿಯುವುದರೊಳಗೆ ನಾವು ಮುಂಗಡ ಕೊಟ್ಟರೆ ನಮಗೇ. ಇಲ್ಲದಿದ್ದರೆ ಮೊಬೈಲ್ ಅಂಗಡಿಯವನಿಗೆ. ಅಪ್ಪ ಇದ್ದಾಗಿನಿಂದ ಇದೇ ಟೇಬಲ್ಲು, ಇದೇ ಕಿಟಕಿ. ಹಿಂದಿನ ರೂಮೇ ನಮ್ಮ ಮನೆ. ಅಕ್ಕ ಕೂಡಿಟ್ಟದ್ದು ಸ್ವಲ್ಪ ಸಾಲದಾಗಿತ್ತು.

"ಒಂದೂವರೆ ತಿಂಗಳಲ್ಲಿ ಡಬಲ್ ಅಂತೆ ಕಣೇ. ಗ್ಯಾರಂಟಿ."

"ಗ್ಯಾರಂಟಿ ಅಂತ ಯಾರು ಹೇಳಿದ್ದು?"

"ಅವರೇ!"

ಮಾರ್ಚ್ 21

ಬೆಲೆ ಏರಿದೆ. ತುಂಬಾ. ಪಕ್ಕದ ಔಷಧಿ ಅಂಗಡಿ ಅಣ್ಣನೂ ಕೊಂಡಿದ್ದಾನೆ. ಅಕ್ಕನ ಶೇರೂ ಅವನೇ ಫೋನಿನಲ್ಲಿ ಕೊಂಡುಕೊಟ್ಟದ್ದು. ಗಳಿಗೆಗೊಮ್ಮೆ ಬಂದು ಬೆಲೆ ತೋರಿಸುತ್ತಾನೆ. "ಇನ್ನು ಮೇಲೆ ಇಸ್ತ್ರಿಪೆಟ್ಟಿಗೇನೂ ಚಿನ್ನದ್ದೇ ಮಾಡಿಸಿ ಬಿಡಮ್ಮ!" ಅಕ್ಕ ನಕ್ಕು ನಕ್ಕು ಸುಸ್ತಾದಳು. ಅವಳು ಹಾಗೆ ನಕ್ಕಿದ್ದು ನೋಡಿ ಎಷ್ಟು ಕಾಲವಾಗಿತ್ತೋ.

ರಾತ್ರಿ ಧೈರ್ಯ ಮಾಡಿ ಹೇಳಿದೆ. "ಅಕ್ಕಾ, ಅರ್ಧ ಆದ್ರೂ ಮಾರಿಬಿಡು."

"ನೀನು ಬಾಯಿ ಬಿಡೋದೇ ಅಪರೂಪ. ಬಿಟ್ಟರೆ ಅಪಶಕುನಾನೇ?"

ದೀಪ ಆರಿಸಿ ಮಲಗಿದೆ.

ಏಪ್ರಿಲ್ 2

ಗಣಿ ಸಾರ್ ಅಕ್ಕನಿಗೆ ಕೊಟ್ಟಿದ್ದ ಕಂಪನಿಯ ಬಣ್ಣದ ಪುಸ್ತಕ ಓದಿದೆ. ನಾನು ಅಕ್ಷರ ಕೂಡಿಸಿ ಓದುವವಳು, ಒಂದು ಪದವೂ ತಪ್ಪಿಸಿಕೊಳ್ಳುವುದಿಲ್ಲ. ಚಿನ್ನ ಸಿಗಬಹುದು. ಪರವಾನಗಿ ಬರಬಹುದು. ಮುಂದಿನ ವರ್ಷ ಅಗೆತ ಶುರುವಾಗಬಹುದು. ಸಿಕ್ಕಿದೆ ಎಂದು ಎಲ್ಲೂ ಇಲ್ಲ. ಫೋಟೋದಲ್ಲಿ ಬರೀ ಗುಡ್ಡ. ಗುಡ್ಡದ ಮುಂದೆ ಕೋಟು ಹಾಕಿದ ಗಣಿ ಸಾರ್.

ಔಷಧಿ ಅಣ್ಣನಿಗೆ ತೋರಿಸಿದೆ.

"ಇಷ್ಟೇನಾ? ಹೋದ ವರ್ಷದವರೆಗೂ ಈ ಕಂಪನಿ ಸೀಲಿಂಗ್ ಫ್ಯಾನ್ ಮಾಡ್ತಿತ್ತು. ಹೆಸರು ಬದಲಾಯಿಸಿ ಚಿನ್ನಕ್ಕೆ ಇಳಿದಿದ್ದಾರೆ" ಎಂದ.

"ನಿಮಗೆ ಮೊದಲೇ ಗೊತ್ತಿತ್ತಾ ಅಣ್ಣ?"

"ಗೊತ್ತಿತ್ತು. ಏರ್ತಾ ಇರೋವಾಗ ಅದನ್ನೆಲ್ಲ ಯಾರು ನೋಡ್ತಾರೆ? ಇಳಿಯೋ ಹಿಂದಿನ ದಿನ ಹೊರಗೆ ಬಂದರಾಯ್ತು."

ಆ ದಿನ ಯಾವುದು ಎಂದು ಹೇಗೆ ಗೊತ್ತಾಗುತ್ತದೆ? ಕೇಳಬೇಕೆನಿಸಿತು. ಅಷ್ಟರಲ್ಲಿ ಯಾರೋ ಕೆಮ್ಮಿನ ಔಷಧಿಗೆ ಬಂದರು.

ಏಪ್ರಿಲ್ 11, ಮಧ್ಯಾಹ್ನ

ಗೊತ್ತಾಯಿತು.

ಗಣಿ ಸಾರ್ ಎಲ್ಲ ಬಟ್ಟೆ ಒಟ್ಟಿಗೆ ತಂದರು. ಶರ್ಟು, ಪ್ಯಾಂಟು, ಸ್ವೆಟರ್, ರಾತ್ರಿ ಹಾಕುವ ಪೈಜಾಮ ಕೂಡ. "ಮಡಿಸಿ ಕೊಡಮ್ಮ. ಸೂಟ್‌ಕೇಸಿಗೆ ಹಿಡಿಸೋ ಹಾಗೆ" ಎಂದರು. ಹ್ಯಾಂಗರಿನ ಮಾತೇ ಇಲ್ಲ. ಹಳೇ ಬಾಕಿಯನ್ನೂ ನಾವು ಕೇಳದೆಯೇ ಕೊಟ್ಟರು. ಬೂದು ಕೋಟಿನ ಮೇಲೆ ಮಾತ್ರ ಕಾಫಿ ಕಲೆ. "ಇದನ್ನ ನಿಧಾನಕ್ಕೆ ತೆಗೀರಿ, ಆಮೇಲೆ ತಗೋತೀನಿ."

ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ.

"ಏನು ಮೌನಗೌರಿ? ಏನೋ ಕೇಳೋ ಹಾಗಿದೆ?"

ಕೇಳಬೇಕಾದ್ದು ನಾಲಿಗೆ ತುದಿಯಲ್ಲೇ ಇತ್ತು. ಬಾಯಿ ತೆರೆದೆ. "ಸಾರ್... ಕಾಲರಿಗೆ ಗಂಜಿ ಹಾಕಲಾ?"

"ಹಾಕು, ಹಾಕು" ಎಂದು ನಕ್ಕರು.

ಅದೇ ದಿನ, ಸಂಜೆ

ಅಕ್ಕನಿಗೆ ಹೇಳಿದೆ. ಅವರು ಹೊರಟಿದ್ದಾರೆ, ವಾಪಸ್ ಬರುವುದಿಲ್ಲ, ನಾಳೆಯೇ ಮಾರು ಎಂದೆ.

"ಬಟ್ಟೆ ಮಡಿಸೋಕೆ ಹೇಳಿದ್ರು ಅಂತ ಯಾರಾದ್ರೂ ಶೇರು ಮಾರ್ತಾರೇನೇ? ಊರಿಗೆ ಹೋಗ್ತಿರಬಹುದು."

"ಪೈಜಾಮಾನೂ ಮಡಿಸೋಕೆ ಕೊಟ್ರು ಅಕ್ಕ."

"ಊರಲ್ಲಿ ಬರಿಮೈಲಿ ಮಲಗ್ತಾರಾ? ಸುಮ್ಮನೆ ಕೆಲಸ ನೋಡು."

ಎಲ್ಲ ಮಡಿಸಿ, ಗಂಜಿ ಹಾಕಿ, ಕಾಗದ ಸುತ್ತಿ ನಾನೇ ಲಾಡ್ಜಿಗೆ ಕೊಟ್ಟು ಬಂದೆ. ಬೇರೇನು ಮಾಡಲಿ?

ಏಪ್ರಿಲ್ 15

ರೂಮು ಖಾಲಿ. ಲಾಡ್ಜ್ ಮ್ಯಾನೇಜರ್ ಬಂದು ನಮ್ಮನ್ನೇ ಕೇಳಿದ, "ಎಲ್ಲಿ ಹೋದ್ರು ನಿಮ್ಮ ಸಾರ್?"

ಅಕ್ಕ ಕೈಯಲ್ಲಿದ್ದ ಸೀರೆ ಟೇಬಲ್ಲಿನ ಮೇಲೇ ಬಿಟ್ಟು ಔಷಧಿ ಅಂಗಡಿಗೆ ಓಡಿದಳು. ನಾನು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಹಿಂದೆಯೇ ಓಡಿದೆ. ಅಣ್ಣ ಫೋನು ಒತ್ತುತ್ತಲೇ ಇದ್ದ. ಹಣೆ ತುಂಬ ಬೆವರು.

"ಮಾರ್ಬಿಡಪ್ಪ. ಎಷ್ಟಕ್ಕಾದ್ರೂ ಸರಿ."

"ಮಾರಕ್ಕೆ ಹಾಕಿದೀನಮ್ಮ. ನಂದೂ ಹಾಕಿದೀನಿ. ಹೋಗ್ತಾ ಇಲ್ಲ."

"ಇಲ್ಲಿ ಬೆಲೆ ಕಾಣ್ತಿದೆಯಲ್ಲ!"

"ಬೆಲೆ ಇದೆ. ಕೊಳ್ಳೋರು ಇಲ್ಲ."

ಅಕ್ಕನಿಗೆ ಅದು ಅರ್ಥವೇ ಆಗಲಿಲ್ಲ. ಮತ್ತೆ ಮತ್ತೆ ಕೇಳಿದಳು. ಅಣ್ಣ ಮತ್ತೆ ಮತ್ತೆ ಹೇಳಿದ. ಕೊನೆಗೆ ಇಬ್ಬರೂ ನನ್ನ ಕಡೆ ನೋಡಿದರು. ನನಗೆ ತಲೆ ಎತ್ತಲಾಗಲಿಲ್ಲ.

ಏಪ್ರಿಲ್ 22

ದಿನಾ ಬೆಳಿಗ್ಗೆ ಶೇರು ಪೇಟೆ ತೆರೆದೊಡನೆ ಬೆಲೆ ಬೀಳುತ್ತದೆ, ಆ ದಿನದ ಮಿತಿ ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ. ಮರುದಿನ ಇನ್ನಷ್ಟು. ಅಣ್ಣ ಈಗ ನಮ್ಮ ಅಂಗಡಿ ಕಡೆ ಬರುವುದಿಲ್ಲ. ಅವನ ಬಿಳಿ ಕೋಟು ಒಗೆಯಲು ಬಂದು ಎಷ್ಟೋ ದಿನವಾಯಿತು.

ಅಕ್ಕ ನನ್ನನ್ನು ಬೈಯಲಿ ಎಂದು ಕಾಯುತ್ತಿದ್ದೇನೆ. ಬೈಯುತ್ತಿಲ್ಲ.

ಏಪ್ರಿಲ್ 30

ಓನರ್ ಬಂದರು. ಕೆಟ್ಟವರಲ್ಲ. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದರು.

"ಇನ್ನೊಂದು ವಾರ ಕೊಡಿ ಅಂಕಲ್" ಎಂದಳು ಅಕ್ಕ.

"ವಾರ ಕೊಟ್ಟರೆ ಎಲ್ಲಿಂದ ತರ್ತೀಯಮ್ಮ?"

ಅಕ್ಕ ಗೋಡೆ ಕಡೆ ನೋಡಿದಳು. ಅಲ್ಲಿ ಬೂದು ಕೋಟು ನೇತಾಡುತ್ತಿತ್ತು. "ಅವರು ಬಂದೇ ಬರ್ತಾರೆ. ಕೋಟು ಇಲ್ಲೇ ಇದೆಯಲ್ಲ. ಇಷ್ಟು ಒಳ್ಳೇ ಕೋಟು ಯಾರಾದ್ರೂ ಬಿಟ್ಟು ಹೋಗ್ತಾರಾ?"

ಓನರ್ ನನ್ನ ಮುಖ ನೋಡಿದರು. ನಾನಾದರೂ ಏನಾದರೂ ಹೇಳುತ್ತೇನೆ ಎಂದುಕೊಂಡರೋ ಏನೋ.

ಸಂಜೆ ಮೊಬೈಲ್ ಅಂಗಡಿಯವನು ಟೇಪು ಹಿಡಿದು ಬಂದ. ಅಪ್ಪನ ಟೇಬಲ್ಲು ಇರುವ ಜಾಗದಲ್ಲಿ ಗಾಜಿನ ಕೌಂಟರ್ ಬರುತ್ತದಂತೆ. ಟೇಪಿನ ಒಂದು ತುದಿ ಹಿಡಿದುಕೊಳ್ಳಲು ನನಗೇ ಹೇಳಿದ. ಹಿಡಿದುಕೊಂಡೆ.

ಮೇ 8

ನಾಳೆ ಟೆಂಪೋ ಬರುತ್ತದೆ. ಎಲ್ಲ ಗಂಟು ಕಟ್ಟಿಯಾಯಿತು. ನಮ್ಮ ಬಟ್ಟೆ, ಅಪ್ಪನ ಹಳೇ ಶರ್ಟು, ಎಲ್ಲ ಮಡಿಸಿದ್ದೇನೆ. ಹೊಸ ರೂಮಿನಲ್ಲಿ ಟೇಬಲ್ಲಿಗೆ ಜಾಗ ಇಲ್ಲ.

ಬೆಳಿಗ್ಗೆ ಅಕ್ಕ ಗೋಡೆಯನ್ನೇ ನೋಡುತ್ತಾ ಕೂತಿದ್ದಳು. "ಅದರ ಮೇಲೆ ಧೂಳು ಕೂತಿದೆ ನೋಡು. ಅವರು ಬಂದರೆ ಏನಂದುಕೊಳ್ತಾರೆ?"

ಬರುವುದಿಲ್ಲ ಎನ್ನಬೇಕಿತ್ತು. ಈ ಸಲವಾದರೂ.

ಕೋಟು ಇಳಿಸಿ ಬ್ರಷ್ ಹಾಕಿದೆ. ಕಾಫಿ ಕಲೆ ಯಾವತ್ತೋ ಹೋಗಿದೆ. ಒಂದು ಗುಂಡಿ ಸಡಿಲವಾಗಿತ್ತು, ಹೊಲಿದೆ. ಮಡಿಸಲು ಕೈ ಹಾಕಿದೆ. ಅಕ್ಕ ನೋಡುತ್ತಿದ್ದಳು.

ಮತ್ತೆ ಹ್ಯಾಂಗರಿಗೇ ಹಾಕಿದೆ.